ಖಡಕಿಯಲ್ಲಿ ಶಬ್ದಪಾಠ

ಬುಧವಾರ ಮೂರಕ್ಕೆ, ಮದ್ದಿನ ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ
ರೇಂಜ್ ಹಿಲ್ಸಿನ ತಗಡಿನ ಷೆಡ್ಡಿನಲ್ಲಿ ನನ್ನ ಕ್ಲಾಸು.
ಹನ್ನೊಂದು ಜನ ಹೆಂಗಸರು, ಒಂದು ಸೀಳಿದ ಕರಿಹಲಗೆ,
ಮೂಲೆಯಲ್ಲಿ ನೀಲವ್ವನ ಕೂಸು ಚಾಕ್ ತಿನ್ನುತ್ತಿರುತ್ತದೆ.
ಗಂಡಂದಿರ ಇಂಗ್ಲಿಷು ತಮಗೂ ತಿಳಿಯಬೇಕಂತೆ:
ಫೋನಿನಲ್ಲಿ ಅರ್ಧ ಅದೇ, ಉಳಿದರ್ಧ ಹಲೋ ಹಲೋ.

ಟ್ಯಾಂಕ್, ಎಂದೆ. ಮಾಳಿಗೆಯ ಕಡೆ ಕೈ ತೋರಿಸಿದರು.
ಥಿಯೇಟರ್: ಸಿನೆಮಾ, ಇಲ್ಲವೇ ಹೊಟ್ಟೆ ಕೊಯ್ಯುವ ಕೋಣೆ.
ಕಂಪನಿ ಎಂದದ್ದೇ ಬೈಲಹೊಂಗಲದ ನೀಲವ್ವ ಬಡಿಗೇರ ಎದ್ದು ನಿಂತು
ನಮ್ಮಜ್ಜ ಕಂಪನ್ಯಾಗ ಕಾಲ್ಪೆಟ್ಟಿಗಿ ಬಾರಸ್ತಿದ್ದ್ರೀ ಅಕ್ಕೋರ, ಅಂದಳು.
ಎಂಗೇಜ್‌ಮೆಂಟಿಗೆ ಎಲ್ಲರೂ ನಕ್ಕರು.
ವೈರಿಯ ಜೊತೆ ಮುಖಾಮುಖಿ, ಎಂದು ಬರೆದೆ.
ವೈಜಯಂತಾ ಪಾಚರ್ಣೆ ತನ್ನ ಉಂಗುರ ಒಮ್ಮೆ ತಿರುಗಿಸಿ
ಎರಡೂ ಅರ್ಥ ಬರೆದುಕೊಂಡಳು, ನಡುವೆ ಗೆರೆ ಎಳೆಯದೆ.

ಮೈನ್ ಅಂದರೆ ನನ್ನದು
ಎಂದು ಎರಡು ತಿಂಗಳ ಹಿಂದೆ ನಾನೇ ಕಲಿಸಿದ್ದೆ.
ನೆಲದಡಿ ಹೂತಿಟ್ಟದ್ದಕ್ಕೂ ಅದೇ ಎಂದಾಗ
ಯಾರೂ ನಗಲಿಲ್ಲ. ನೀಲವ್ವನ ಗಂಡನ ಕೆಲಸ
ಅದನ್ನು ಮೊಣಕಾಲೂರಿ ಹುಡುಕಿ ತೆಗೆಯುವುದು.

ಫ್ರೆಂಡ್ಲಿ ಫೈರಿಗೆ ಹತ್ತು ನಿಮಿಷ ಹಿಡಿಯಿತು.
ನಮ್ಮವರ ಗುಂಡು ನಮ್ಮವರಿಗೇ.
ಹಂಗಾದ್ರ ಸಿಟ್ಟಿಲ್ಲದ ಹೊಡದದ್ದೇನ್ರೀ?
ಹೌದು.
ಹೊಡಸ್ಕೊಂಡಾಂವಗ ಅದು ಗೊತ್ತಾಗೂದ್ಹ್ಯಾಂಗ್ರೀ?
ಕರಿಹಲಗೆ ಒರೆಸಿದೆ.

ಬಲು ನಯಗಾರ ಈ ಇಂಗ್ಲಿಷು, ಅನಿಸಿತು ಆ ದಿನ,
ಇಸ್ತ್ರಿ ಹಾಕಿದ ಮಾತು, ಕಿಸೆಯಲ್ಲಿ ಕೈ ಇಟ್ಟುಕೊಂಡೇ ಕೊಲ್ಲುತ್ತದೆ.
ಕ್ಯಾಶುಯಲ್ಟಿ ಎನ್ನುತ್ತದೆ, ಕ್ಯಾಶುಯಲ್ ಲೀವಿನ ಹಾಗೆ.

ಮನೆಗೆ ಬಂದು ಅಕ್ಕಿ ಆರಿಸುತ್ತ
ನನ್ನ ಭಾಷೆಯ ಕಿಸೆಯನ್ನೂ ತಡವಿ ನೋಡಿದೆ.
ಮದ್ದು.
ಇಪ್ಪತ್ತಾರು ವರ್ಷ ನಮ್ಮವರು ಹಿತ್ತಾಳೆ ಕೊಳವೆಗೆ ತುಂಬಿದ್ದು ಮದ್ದು,
ಕಡೆಗಾಲಕ್ಕೆ ಎಂಟು ತಾಸಿಗೊಮ್ಮೆ ನಾನು ಕುಡಿಸಿದ್ದೂ ಮದ್ದು.
ಎರಡಕ್ಕೂ ಅಳತೆ ತಪ್ಪಬಾರದು, ಅನ್ನುತ್ತಿದ್ದರು
ಕಿವಿ ಹೋದವರ ಆ ಜೋರು ದನಿಯಲ್ಲಿ.
ಗುಂಡು. ತಾಳಿಯಲ್ಲಿ ಎರಡಿದ್ದವು, ಕರಿಮಣಿಯ ನಡುವೆ,
ಈಗ ಪೌಡರ್ ಡಬ್ಬಿಯಲ್ಲಿವೆ, ಅಲ್ಲಾಡಿಸಿದರೆ ಸದ್ದು.
ಪಡೆ ಅಂದರೆ ಸೈನ್ಯ, ಪಡೆ ಅಂದರೆ ಗಳಿಸು.
ಯಾರು ಏನು ಪಡೆದರೋ.
ಇನ್ನು ಶಬ್ದ: ಆಡಿದ್ದೂ ಅದೇ, ಸಿಡಿದದ್ದೂ ಅದೇ.

ಮುಂದಿನ ವಾರ ಮನೆಪಾಠ ತಿದ್ದುತ್ತಿದ್ದೆ.
ಮಿಸ್ಸಿಂಗ್ ಪದಕ್ಕೊಂದು ವಾಕ್ಯ.
ನೀಲವ್ವ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು
ಮೈ ಹಸ್ಬೆಂಡ್ ಈಸ್ ಮಿಸ್ಸಿಂಗ್

ಮಿ.
ಹಾಳೆಯ ಅಂಚಿನಲ್ಲಿ ಜಾಗ ಸಾಲದೆ
ಆ ಒಂದಕ್ಷರ ಕೆಳಗಿನ ಸಾಲಿಗೆ ಇಳಿದಿತ್ತು.
ಅಷ್ಟು ದೂರ ಇಳಿಯಲು ನನ್ನ ಕೆಂಪು ಪೆನ್ನಿಗೆ ಎಷ್ಟು ಹೊತ್ತಾಯಿತೋ.
ವ್ಯಾಕರಣ ಸರಿ ಇತ್ತು. ಹತ್ತಕ್ಕೆ ಹತ್ತು ಹಾಕಿದೆ.

ಅಕ್ಕೋರ, ಯುದ್ಧಕ್ಕ ನಮ್ಮ ಕನ್ನಡದಾಗ ಹಳೇ ಮಾತು ಯಾವುದ್ರೀ?
ಕಾದು, ಅಂದೆ. ಕಾದು ಅಂದರೆ ಹೋರಾಡು.
ಅಲ್ಲ್ರೀ, ಅದು ದಾರಿ ಕಾಯೂದಲ್ಲೇನ್ರೀ? ಕಾದೂ ಕಾದೂ
ಸಾಕಾತು ಅಂತೀವಲ್ಲ?
ಅದೂ ಹೌದು.
ಹಾಲು ಕಾದು ಉಕ್ಕತೈತಿ, ಅದು?
ಅದೂ.
ಇತರರಿಗೆ ಹಿಂದಿಯಲ್ಲಿ ಹೇಳಲು ಹೋಗಿ ನಾನೇ ಸಿಕ್ಕಿಬಿದ್ದೆ.

ಲೋಣಾವಳಾ ಲೋಕಲ್ ಬಂದು ನಿಂತು ಹೊರಟಿತು,
ತಗಡು ಸ್ವಲ್ಪ ಹೊತ್ತು ನಡುಗಿತು.
ನೀಲವ್ವ ಕೂಸಿನ ಬಾಯಿಂದ ಚಾಕಿನ ಚೂರು ತೆಗೆದು
ಬಿಳಿಯಾದ ಬೆರಳು ಸೆರಗಿಗೆ ಒರೆಸಿಕೊಂಡು
ವಹಿಯ ಬಲಗಡೆ ಕಾದು ಎಂದು ಬರೆದಳು.
ಎಡಗಡೆ, ಇಂಗ್ಲಿಷಿನ ಜಾಗ,
ಏನು ಬರೆಯಲಿ ಎಂದು ನನ್ನ ಮುಖ ನೋಡಿ
ಸದ್ಯಕ್ಕೆ ಹಾಗೇ ಬಿಟ್ಟಳು.