ಎಂಟನೇ ಮಹಡಿ

ಪಿರೇಯಸ್ಸಿನಿಂದ ಹೊರಟ ಹಡಗಿನ ಎಂಟನೇ ಮಹಡಿಯಲ್ಲಿ
ಬಿಳಿ ಕುರ್ಚಿಗಳ ಮೇಲೆ ನಾವು ಮೂವರು:
ಪಂದೆಲಿಸ್, ಅರ್ಗೀರಿಸ್, ನಾನು.
ಕೈಯಲ್ಲಿ ಕಿತ್ತಳೆ ರಸ,
ಬೇಡವೆನ್ನಲು ನಾಚಿಕೆಯಾಗಿ ಇಸಕೊಂಡದ್ದು.

ಮೂವತ್ತೊಂದು ವರ್ಷ ಇದೇ ದಾರಿ,
ಆದರೆ ನೀರಿನ ಮಟ್ಟಕ್ಕಿಂತ ಕೆಳಗೆ,
ಡೀಸೆಲ್ಲಿನ ಬೆವರಲ್ಲಿ.
ರೋಡ್ಸ್ ಅಂದರೆ ನಮಗೆ
ಎರಡು ಸಲ ಗಂಟೆ, ಆಮೇಲೆ ಹಿಮ್ಮುಖ.
ಲಿಮಸೋಲ್ ಅಂದರೆ ಒಂದು ನಡುಕ,
ಸರಪಳಿ ಇಳಿಯುವ ಸದ್ದು, ಅರ್ಧ ಸಿಗರೇಟು.

"ಇದಕ್ಕೆ ಕೋಟೆ ಇದೆಯಲ್ಲೋ!" ಅಂದ ಅರ್ಗೀರಿಸ್,
ದನಿಯಷ್ಟೇ ಬಲ್ಲ ಹೆಂಗಸಿನ
ಮುಖ ಕಂಡವನ ಹಾಗೆ.
ಪಂದೆಲಿಸ್ ಮಾತಾಡಲಿಲ್ಲ. ಟೊಪ್ಪಿ ತೆಗೆದ,
ಬಿಸಿಲು ಚುರುಗುಟ್ಟಿತೆಂದು ಮತ್ತೆ ಹಾಕಿಕೊಂಡ.

ಆ ರಾತ್ರಿ ಮೂರು ಗಂಟೆಗೆ
ಮೂರು ಬಾಗಿಲು ಒಟ್ಟಿಗೇ ತೆರೆದವು.
ಬನಿಯನ್ನು, ಚಡ್ಡಿ, ಮೆತ್ತನೆ ಜಮಖಾನದ ಮೇಲೆ ಬರಿಗಾಲು.
"ಐದನೇ ಸಿಲಿಂಡರ್."
"ಐದನೆಯದೇ."
"ಬೆಳಗಾಗುವುದರೊಳಗೆ ಕೆಮ್ಮುತ್ತೆ, ನೋಡ್ತಿರು."

ಪ್ರವೇಶವಿಲ್ಲ ಎಂದು ಬರೆದ ಬಾಗಿಲ ಹತ್ತಿರ
ಸಿಕ್ಕ ಹುಡುಗ ರೊಮೆಲ್, ಸೆಬು ದ್ವೀಪದವನು,
ಮೊಣಕೈತನಕ ಗ್ರೀಸು.
ಅರೆಬರೆ ಇಂಗ್ಲಿಷಿನಲ್ಲಿ, ಉಳಿದದ್ದು ಕೈಸನ್ನೆಯಲ್ಲಿ,
ಹೇಳಿದೆವು. ನಕ್ಕ.
"ಗೊತ್ತು ತಾತ. ಬಿಡಿಭಾಗ
ಅಲೆಕ್ಸಾಂಡ್ರಿಯಾದಲ್ಲಿ ಬರುತ್ತೆ."

ತಿರುಗಿ ಹೊರಟಾಗ ಅವನೇ ಕರೆದು ಕೇಳಿದ:
"ನಿನ್ನೆ ನಿಂತೆವಲ್ಲ,
ಹೇಗಿತ್ತು ಆ ಊರು?"

ಮೂವರೂ ಒಟ್ಟಿಗೇ ಬಾಯಿ ತೆರೆದೆವು.
ಜೇನುಬಣ್ಣದ ಗೋಡೆ, ಗೋಡೆಯ ಮೇಲೆ ಬೆಕ್ಕು,
ಮೀನಂಗಡಿಯ ಮುದುಕಿ, ಅವಳ ಬಾಯಿಯ ಬೈಗುಳ,
ಪಂದೆಲಿಸ್ ಅಂತೂ ನಿಲ್ಲಿಸಲೇ ಇಲ್ಲ,
ಒಳಗಿನಿಂದ ಯಾರೋ ಕೂಗಿ
ಹುಡುಗ ಓಡಿಹೋದ ಮೇಲೂ
ಮುಚ್ಚಿದ ಕಬ್ಬಿಣದ ಬಾಗಿಲಿಗೆ
ಹೇಳುತ್ತಲೇ ಇದ್ದ.