ಎಸೀರಿ, ಯಜಮಾನ್ರೇ

ಆಗಸ್ಟಿನಿಂದ ಪ್ರತಿ ಗುರುವಾರ
ಸಕ್ಕರೆ ಗಿರಣಿಯ ಹಿಂದಿನ ತಗಡಿನ ಷೆಡ್ಡಿನಲ್ಲಿ
ನಾವು ಸೌಟುಗಳಿಗೆ ಅಂಟು ಬಳಿಯುತ್ತೇವೆ.
ಮರದ ಸೌಟು, ಡಜನ್ನಿಗೆ ಒಂಬತ್ತು ಡಾಲರ್,
ಮೇಲೆ ಮಿನುಗುಪುಡಿ: ನೇರಳೆ, ಹಸಿರು, ಬಂಗಾರ.
ಈ ಪುಡಿ ಮಹಾ ಹಠಮಾರಿ.
ಒಮ್ಮೆ ಮೆತ್ತಿತೆಂದರೆ ಈಸ್ಟರಿನವರೆಗೂ
ಕಿವಿಯ ಮಡಿಕೆಯಲ್ಲಿ, ಬೆಕ್ಕಿನ ಮೀಸೆಯಲ್ಲಿ,
ಗಂಡನ ಊಟದ ಡಬ್ಬಿಯಲ್ಲಿ.

ಹಗಲೆಲ್ಲ ಸೀಗಡಿ ಸುಲಿಯುವ ಕೈ ನನ್ನದು,
ಪೌಂಡಿಗಿಷ್ಟು ಎಂದು ತೂಗಿ ಕೊಡುವ ಕೂಲಿ.
ಅದರಲ್ಲಿ ವಾರಕ್ಕೆ ಹನ್ನೆರಡು ಡಾಲರ್
ಕಾಫಿ ಡಬ್ಬಿಗೆ, ಕ್ಲಬ್ಬಿನ ಚಂದಾಕ್ಕೆ.
"ಇಷ್ಟು ದುಡ್ಡು ಬೀದಿಗೆ ಎಸೆಯೋದಕ್ಕಾ?" ಅಂದಿದ್ದ ವಿಲ್ಫ್ರೆಡ್.
ಹೌದು. ಎಸೆಯೋದಕ್ಕೇ.
ಕೂಡಿಡೋದಕ್ಕೆ ಬೇಕಾದಷ್ಟು ಹೆಂಗಸರಿದ್ದಾರೆ ಲೋಕದಲ್ಲಿ.

ನಮ್ಮ ಬೆಳ್ಳಕ್ಕಿ ಕ್ಲಬ್ಬು ಹುಟ್ಟಿದ್ದು ಸಿಟ್ಟಿಗೆ.
ಎಪ್ಪತ್ತೊಂದರಲ್ಲಿ, ಗಂಡಸರ ಮೆರವಣಿಗೆಗೆ
ಸ್ಯಾಂಡ್‌ವಿಚ್ಚು ಕಟ್ಟಿ ಕಟ್ಟಿ ಸಾಕಾದ ಏಳು ಜನ
ಪರವಾನಗಿ ಕೇಳಲು ಠಾಣೆಗೆ ಹೋದರಂತೆ.
ಗುಮಾಸ್ತ ಕಾಗದ ತಿರುವಿ, ಕನ್ನಡಕ ಏರಿಸಿ,
"ಯಜಮಾನರ ಸಹಿ ಎಲ್ಲಿ?" ಎಂದ.
ಯೂಲಾಲಿ ಫಾಂಟೆನೋ, ಆಗ ಮೂವತ್ತೆರಡು,
ಅವನದೇ ಪೆನ್ನು ಇಸಿದುಕೊಂಡು
ಅವನದೇ ಮೇಜಿನ ಮೇಲೆ ತನ್ನ ಹೆಸರು ಗೀಚಿದಳು.
"ಯಜಮಾನರು ಅಂದರೆ ನಾನೇ" ಎಂದಳೋ ಇಲ್ಲವೋ,
ಆ ಮಾತು ವರ್ಷಕ್ಕೊಂದು ಥರ ಕೇಳಿಬರುತ್ತದೆ.
ಸಹಿ ಮಾತ್ರ ಇದೆ, ಷೆಡ್ಡಿನ ಗೋಡೆಯಲ್ಲಿ, ಗಾಜಿನ ಹಿಂದೆ,
ಮೂಲೆಯಲ್ಲೊಂದು ಕಾಫಿಯ ಕಲೆ.

ಯೂಲಾಲಿಗೆ ಈಗ ಎಂಬತ್ತಾರು, ಸೊಂಟದಲ್ಲಿ ಉಕ್ಕು.
ಮೊದಲ ಬಂಡಿಯ ಮೂತಿಯಲ್ಲಿ ಕುರ್ಚಿ ಹಾಕಿಸಿಕೊಂಡು
ಗುರುತಿನವರಿಗಷ್ಟೇ ಎಸೆಯುತ್ತಾಳೆ.
ನಿಯಮಕ್ಕೆ ವಿರುದ್ಧ. ಹೇಳುವ ಧೈರ್ಯ ಯಾರಿಗಿದೆ.

ಮಂಗಳವಾರದ ಸಂಜೆ, ಬಾಯೂ ನೀರಿನ ಮೇಲೆ ಮಂಜು,
ಜನರೇಟರಿನ ಹೊಗೆ, ಹೈಸ್ಕೂಲು ಬ್ಯಾಂಡಿನ ಡ್ರಮ್ಮು
ನನ್ನ ಪಕ್ಕೆಲುಬನ್ನೇ ಬಾರಿಸುವ ಹಾಗೆ.
ಬೆಲ್ಟು ಬಿಗಿದು ಕಂಬಕ್ಕೆ ಸಿಕ್ಕಿಸುತ್ತಾರೆ,
ಮುಖವಾಡ ತೆಗೆದರೆ ದಂಡ.
ಐವತ್ತೆಂಟು ವರ್ಷ ಇದೇ ಊರಲ್ಲಿ
ಮುಖ ತೋರಿಸಿಕೊಂಡು ಓಡಾಡಿದರೂ
ಹೀಗೆ ಕೈ ಚಾಚಿ ಯಾರೂ ಕೂಗಿದ್ದಿಲ್ಲ ನನ್ನನ್ನು.

ಕೂಗು ಮಾತ್ರ ಹಳೆಯದು, ಗಂಡಸರ ಕಾಲದ್ದು:
"ಎಸೀರಿ ಯಜಮಾನ್ರೇ, ನನಗೂ ಏನಾದ್ರೂ ಎಸೀರಿ!"
ತಲೆಯ ಬಿಳಿಗರಿ, ತುಟಿಯ ಕೆಂಪು ಎಲ್ಲ ಕಂಡರೂ
ಊರಿಗೆ ಊರೇ ನಮ್ಮನ್ನು ಯಜಮಾನ್ರೇ ಅನ್ನುತ್ತದೆ.
ಹೊಸ ಹುಡುಗಿಯರು ತಿದ್ದಲು ಹೋಗುತ್ತಾರೆ.
ನಾನು ತಿದ್ದುವುದಿಲ್ಲ.
ಕಿವಿಗೆ ಹಿತವಾಗಿದೆ.

ಮುಚ್ಚಿದ ಔಷಧಿ ಅಂಗಡಿಯ ಮೂಲೆಯಲ್ಲಿ
ಏಣಿಯ ತುದಿಗೆ ಮೊಮ್ಮಗಳು ಡೆಲ್ಫೀನ್,
ಕೆಳಗೆ ಏಣಿ ಹಿಡಿದು ವಿಲ್ಫ್ರೆಡ್.
ಒಂಬತ್ತನೆಯ ಬಂಡಿ ನನ್ನದು ಎಂದು ಹೇಳಿ ಬಂದಿದ್ದೆ;
ಕೊನೆಗಳಿಗೆಯಲ್ಲಿ ವರ್ನೆಲ್‌ಳ ಮೊಣಕಾಲು ಕೈಕೊಟ್ಟು
ನಾಲ್ಕನೆಯದಕ್ಕೆ ಹತ್ತಿಸಿದ್ದರು.
ಅವನ ಕಣ್ಣು ನನ್ನ ಮೇಲೆ ಬಿತ್ತು, ಜಾರಿತು, ಮತ್ತೆ ಬಿತ್ತು.
ಮೂವತ್ತಾರು ವರ್ಷ ಒಂದೇ ಹಾಸಿಗೆ.
ಟೊಪ್ಪಿ ಬೀಸುತ್ತ, ಗಂಟಲು ಬಿರಿಯುವ ಹಾಗೆ
"ಯಜಮಾನ್ರೇ!" ಎಂದ.
ಮುಂದೆ ಎಲ್ಲೋ ಟ್ರ್ಯಾಕ್ಟರು ಕೆಮ್ಮಿ ಬಂಡಿ ನಿಂತಿತ್ತು.
ಇನ್ನೊಮ್ಮೆ ಎಂದ.
ಸೌಟು ಎತ್ತಿ ತೋರಿಸಿದೆ, ಕಿವಿಗೆ ಕೈಯಿಟ್ಟು
ಕೇಳಿಸಲಿಲ್ಲ ಎಂದೆ.
ಮೂರನೆಯ ಸಲಕ್ಕೆ ಎಸೆದೆ, ಡೆಲ್ಫೀನಳ ಮಡಿಲಿಗೆ.
ಅವನಿಗೆ ಏನೂ ಇಲ್ಲ.

ರಾತ್ರಿ ಅಡುಗೆಮನೆಯಲ್ಲಿ ಬೂಟು ಕಳಚುತ್ತ
"ನಾಲ್ಕನೇ ಬಂಡಿಯಲ್ಲೊಬ್ಬಳಿದ್ದಳು, ಎಂಥಾ ಜಂಬ" ಎಂದ.
ಗುಂಬೋ ಬಿಸಿಗಿಟ್ಟಿದ್ದೆ.
ಮಿನುಗಿಲ್ಲದ ಸೌಟಿನಲ್ಲಿ ತಳ ಕೆದಕುತ್ತ
"ಯಾರಿರಬಹುದು?" ಎಂದೆ.
ಅವನು ನಿಜವಾಗಿ ಯೋಚಿಸಿದ.
ಅವನ ಎಡ ಹುಬ್ಬಿನಲ್ಲಿ ಒಂದು ಚೂರು ನೇರಳೆ.
ಹೇಳಲಿಲ್ಲ.
ನಾಳೆ ಬುಧವಾರ, ಹಣೆಗೆ ಬೂದಿ ಹಚ್ಚುವಾಗ
ಪಾದ್ರಿಯೇ ನೋಡಿಕೊಳ್ಳಲಿ.