ಮರಕಪಾತು

ಸಿದ್ದಾಪುರ ಬಸ್‌ಸ್ಟ್ಯಾಂಡಿನೆದುರು ನನ್ನದು ಜೆರಾಕ್ಸ್ ಅಂಗಡಿ.
ಪಹಣಿ, ಪ್ಯಾನು, ಕೋವಿ ವಿನಾಯಿತಿ,
ಏನಿದ್ದರೂ ತುಂಬಿ ಕೊಡುತ್ತೇನೆ, ಪುಟಕ್ಕೆ ಹತ್ತು ರೂಪಾಯಿ.
ವೀಸಾ ಇದೇ ಮೊದಲು.

ಬೊಳ್ಕ ಬಂದ, ಕತ್ತಿ ಸೊಂಟದಲ್ಲಿ, ಬರಿಗಾಲು.
ಸ್ಕಾಟ್‌ಲೆಂಡಿನ ಮರ ಸವರುವ ಕಂಪನಿಯೊಂದು
ಇವನು ಸಿಲ್ವರ್ ಹತ್ತುವುದನ್ನು ಯಾರದೋ ಫೋನಿನಲ್ಲಿ ನೋಡಿ
ಕೆಲಸಕ್ಕೆ ಕರೆದಿದೆ.
ಮೋಸವಿದ್ದೀತೆಂದು ಎರಡು ಸಲ ಓದಿದೆ.
ದುಡ್ಡು ಕೇಳಿರಲಿಲ್ಲ. ಬೂಟಿನ ಅಳತೆ ಕೇಳಿದ್ದರು.

ಹೆಸರು? ಆಧಾರಿನಲ್ಲಿ ಬೋಳಕ,
ಚೆಕ್‌ರೋಲಿನಲ್ಲಿ ಬಿ. ಎರವ, ಹಾಡಿಯಲ್ಲಿ ಬೊಳ್ಕ.
ಕೂಗಿದರೆ ಮೂರಕ್ಕೂ ಇವನೇ ತಿರುಗುತ್ತಾನೆ.
ಇಂಗ್ಲಿಷ್ ಪರೀಕ್ಷೆ? ಪಾಸು. ಮೂರನೇ ಸಲಕ್ಕೆ.

ಕೌಶಲ: ನೂರೈವತ್ತು ಅಕ್ಷರ ಮೀರದಂತೆ.
ಹೇಳು ಅಂದೆ.
ಕತ್ತಿಯ ಬೆನ್ನಿಂದ ಕೊಂಬೆ ತಟ್ಟಿದರೆ
ಒಳಗೆ ಕೊಳೆತದ್ದು ಬೇರೆ ಸದ್ದು ಮಾಡುತ್ತೆ.
ಹಲಸು ಕಳ್ಳ, ಸತ್ತ ಮೇಲೂ ಗಟ್ಟಿ ಅನ್ನುತ್ತೆ.
ಬೀಳಿಸುವಾಗ ಕೆಳಗಿನ ಕಾಫಿಯ ಒಂದು ರೆಕ್ಕೆ ಮುರಿಯಬಾರದು,
ಮೆಣಸಿನ ಬಳ್ಳಿ ಅಲುಗಬಾರದು.
ಅಪ್ಪ ಬಿದ್ದದ್ದು ಅತ್ತಿಮರದಿಂದ. ಅದು ಬರೆಯಬೇಡಿ.

ನಾನು ಬರೆದದ್ದು: ಮರ ಹತ್ತಬಲ್ಲ. ಹದಿನಾಲ್ಕು ವರ್ಷ.

ಹದಿನಾಲ್ಕಕ್ಕೂ ಪುರಾವೆ ಬೇಕು, ಲೆಟರ್‌ಹೆಡ್ಡಿನಲ್ಲಿ.
ತೋಟದ ರೈಟರು ಕನ್ನಡಕ ಒರೆಸಿಕೊಂಡರು:
‘ಮಳೆಗೆ ಮೊದಲು ಕಪಾತು ಮುಗಿಯಲಿ, ಬರೆದರಾಯಿತು.
ಈಗಲೇ ಕೊಟ್ಟರೆ ಮೇಲಿನ ಬ್ಲಾಕಿಗೆ ಯಾರನ್ನು ಹತ್ತಿಸಲಿ?’
ಆಚೆಯ ಮಾಲೀಕ ಕಳಿಸಿದ ನಂಬರಿಗೆ
ಮೂರೇ ತಿಂಗಳ ಆಯುಷ್ಯ. ಒಂದು ಕಳೆದಿತ್ತು.

ಬೊಳ್ಕ ಏನೂ ಅನ್ನಲಿಲ್ಲ.
ಮರುದಿನ ಬೆಳಗ್ಗೆ ಐದೂವರೆಗೇ ಮರದ ಮೇಲಿದ್ದ.
ಹದಿನೆಂಟು ದಿನ. ಮೇಲಿನ ಬ್ಲಾಕಿನಲ್ಲಿ
ನೆಲದವರೆಗೂ ಬಿಸಿಲಿನ ಚುಕ್ಕಿ.

ಪತ್ರ ಬಂತು. ಅದರಲ್ಲಿ ನಾಲ್ಕನೇ ಹೆಸರು:
‘ಬಾಲಕ’.
ನೋಟರಿಯ ಹತ್ತಿರ ಓಡಿದೆವು.
ನಾಲ್ವರೂ ಒಬ್ಬನೇ ಎಂದು ಛಾಪಾಕಾಗದದ ಮೇಲೆ ಒಪ್ಪಿಸಿ
ಕತ್ತಲಾಗುವ ಹೊತ್ತಿಗೆ ಅಂಗಡಿಯಲ್ಲಿ ಕೂತೆವು.

‘ಅಲ್ಲಿ ಮರದಡಿ ಕಾಫಿ ಇಲ್ಲವಂತೆ,’ ಅಂದ.
‘ಮತ್ತೆ ಯಾರಿಗೋಸ್ಕರ ನೆರಳು ತೆಗೆಯೋದು?’
ಗೊತ್ತಿಲ್ಲ ಅಂದೆ. ‘ಸಲ್ಲಿಸು’ ಒತ್ತಿದೆ.
ಚಕ್ರ ಸುತ್ತಿತು, ಸುತ್ತಿತು, ಹಸಿರು ಟಿಕ್ಕು ಬಿತ್ತು.
ಇನ್ನೂರ ಎಪ್ಪತ್ತು ರೂಪಾಯಿ, ಬೇಡವೆಂದರೂ ಎಣಿಸಿಟ್ಟು ಹೋದ.

ಶಟರು ಎಳೆಯುವಾಗ ಹೊಳೆಯಿತು,
ಬೂಟಿನ ಅಳತೆ ತಪ್ಪಿದೆ.
ಸ್ಕೇಲು ಹಿಡಿದಾಗ ಅವನು
ಬೆರಳೆಲ್ಲ ಅಗಲಿಸಿ, ಸಿಮೆಂಟಿನ ನೆಲವನ್ನು
ಕೊಂಬೆಯ ಹಾಗೆ ಹಿಡಿದು ನಿಂತಿದ್ದ.